ಸಿನಿಮಾದ ಹಾಡಿಗೆ ಬಾರಿಸಿದವನು

"ಡ್ರಮ್ಮು ಬಿಚ್ಚೋದು ಬೇಡ ಡ್ಯಾರಿಲ್," ಎಂದ ಲಿಂಡ್ಸೆ, ಅವನ ಮುಖ ನೋಡದೆ.

ತನ್ನೂರು ಜೀಲಾಂಗ್‌ನಿಂದ ಡ್ಯಾರಿಲ್ ವ್ಯಾನಿನಲ್ಲಿ ತಂದ ಡ್ರಮ್ಮಿನ ಪೆಟ್ಟಿಗೆಗಳು ಮೆಲ್ಬರ್ನಿನ ಆ ಸ್ಟುಡಿಯೋದ ಬಾಗಿಲಲ್ಲೇ ಉಳಿದಿದ್ದವು. ಒಳಗೆ ಮೇಜಿನ ಮೇಲೆ ಟೈಪ್‌ರೈಟರಿಗಿಂತ ಚಿಕ್ಕದೊಂದು ಯಂತ್ರ, ತಾನೇ ಡ್ರಮ್ ಬಾರಿಸುವಂಥದ್ದು. ಲಿಂಡ್ಸೆ ಗುಂಡಿ ಒತ್ತಿದ. ಡ್ಯಾರಿಲ್ ತಿಂಗಳುಗಟ್ಟಲೆ ಕೈ ನೋಯಿಸಿಕೊಂಡು ಕಟ್ಟಿದ್ದ ತಾಳ ಅದರೊಳಗಿಂದ ಒಣ ಸದ್ದಾಗಿ ಹೊರಬಿತ್ತು.

"ನಿರ್ದೇಶಕರಿಗೆ ಇದೇ ಬೇಕಂತೆ. ನ್ಯೂವೇವ್ ಅಂತ ಹೊಸ ಥರ ಹಾಡೋ ತಂಡದವರೆಲ್ಲ ಈಗ ಹೀಗೇ ಮಾಡ್ತಿರೋದು. ಸಿನಿಮಾ ಶುರುವಾಗೋದೇ ನಮ್ಮ ಹಾಡಿಂದ ಕಣೋ, ಅದನ್ನ ಯೋಚ್ನೆ ಮಾಡು."

"ಹಾಗಾದ್ರೆ ನಾನೇನ್ ಮಾಡ್ಲಿ? ಕಸ ಗುಡಿಸ್ಲಾ?"

"ಹಾಗನ್ಬೇಡ ಮಾರಾಯ. ನಿನ್ನ ಹೆಸರು ಪರದೆ ಮೇಲೆ ಬಂದೇ ಬರತ್ತೆ. ನಾನು ಮಾತಾಡಿದೀನಿ."

ಶಾಲೆಯ ದಿನಗಳಿಂದ ಇಬ್ಬರೂ ಒಂದೇ ತಂಡದಲ್ಲಿ ಜೊತೆಗಿದ್ದವರು, ಲಿಂಡ್ಸೆ ಹಾಡಿಗೆ, ಡ್ಯಾರಿಲ್ ಡ್ರಮ್ಮಿಗೆ. ಡ್ಯಾರಿಲ್ ಜಗಳವಾಡಲಿಲ್ಲ. ಸಂಜೆಯವರೆಗೆ ಸೋಫಾದ ಮೇಲೆ ಕೂತು ಕೇಳಿದ. ಹಾಡು ಚೆನ್ನಾಗಿಯೇ ಬಂದಿತ್ತು. ಅವನಿಗೆ ಸಂಕಟವಾದದ್ದೂ ಅದಕ್ಕೇ.

ಮನೆಗೆ ಬಂದಾಗ ತಾಯಿ ಮೇವಿಸ್ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಗೆ ಬಾರಿಸ್ದೆ?"

"ಚೆನ್ನಾಗಾಯ್ತಮ್ಮ."

ಗಂಡ ಸತ್ತ ಮೇಲೆ ಹಿಂದಿನ ಕೋಣೆಯನ್ನು ಡ್ರಮ್ಮಿಗೆ ಬಿಟ್ಟುಕೊಟ್ಟು, ಪಕ್ಕದ ಮನೆಯವರ ದೂರಿಗೆಲ್ಲ ತಾನೇ ಉತ್ತರ ಕೊಟ್ಟವಳು ಅವಳು. ನಿಜ ನಾಳೆ ಹೇಳಿದರಾಯಿತು ಎಂದುಕೊಂಡ ಡ್ಯಾರಿಲ್. ನಾಳೆಯ ಹೊತ್ತಿಗೆ ಅವಳು, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಗೆಳತಿಯರಿಗೆಲ್ಲ, ಮಗ ಸಿನಿಮಾಕ್ಕೆ ಬಾರಿಸಿದ ಸುದ್ದಿಯನ್ನು ಸಾರಿಯಾಗಿತ್ತು. ಆಮೇಲೆ ಪಬ್ಬುಗಳಲ್ಲಿ ತಂಡ ಕೊಡುವ ಕಾರ್ಯಕ್ರಮಕ್ಕೂ ಯಂತ್ರವೇ ಹೋಯಿತು. ಡ್ಯಾರಿಲ್‌ಗೆ ಲಿಂಡ್ಸೆಯ ಫೋನು ಬರುವುದು ನಿಂತಿತು. ಅದನ್ನೂ ಅವನು ಹೇಳಲಿಲ್ಲ.

ಚಳಿಗಾಲದಲ್ಲಿ ಸಿನಿಮಾ ಊರಿಗೆ ಬಂತು. ಮೇವಿಸ್ ಒಳ್ಳೆಯ ಕೋಟು ತೊಟ್ಟು, ಗೆಳತಿಯರ ದಂಡು ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಮಗನನ್ನು ಎಳೆದೊಯ್ದಳು. ದೀಪ ಆರಿತು. ಪರದೆಯ ಮೇಲೆ ಒದ್ದೆ ಹೆದ್ದಾರಿ, ಅದರ ಮೇಲೆ ಲಿಂಡ್ಸೆಯ ದನಿ. ತಾಯಿ ಮಗನ ಕೈ ಹಿಡಿದು ಬೆರಳಿನಿಂದ ತಾಳ ಹಾಕತೊಡಗಿದಳು. ಹಿಂದಿನ ಕೋಣೆಯಿಂದ ದಿನವೂ ಕೇಳಿದ್ದ ಏರು ಈ ತಾಳದಲ್ಲಿ ಬರಲೇ ಇಲ್ಲ; ಹಾಡು ಅರ್ಧವಾಗುವಷ್ಟರಲ್ಲಿ ಬೆರಳು ನಿಂತಿತು. ಕೈ ಮಾತ್ರ ಬಿಡಲಿಲ್ಲ.

ಕೊನೆಯಲ್ಲಿ ಹೆಸರುಗಳು ಮೇಲೇರಿದಾಗ ಬೆರಿಲ್ ಎಂಬ ಗೆಳತಿ ಎದ್ದೇ ನಿಂತಳು. "ನೋಡ್ರೇ, ಡ್ರಮ್ಸ್ ಅಂತ ನಮ್ಮ ಡ್ಯಾರಿಲ್ ಹೆಸರು!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೇವಿಸ್ ಕೂಡ ತಟ್ಟಿದಳು, ಸ್ವಲ್ಪ ತಡವಾಗಿ.

ಎದುರಿನ ಟೀ ಅಂಗಡಿಯಲ್ಲಿ ಬೆರಿಲ್ ಬಿಡಲಿಲ್ಲ. ಎರಡು ಚಮಚ ಅವನ ಕೈಗಿತ್ತಳು. "ಬಾರಿಸಿ ತೋರ್ಸೋ, ದೊಡ್ಡ ಮನುಷ್ಯ ಆಗ್ಬಿಟ್ಯಾ?"

ಅವನು ಮೇಜಿನ ಅಂಚಿನ ಮೇಲೆ ಮೆಲ್ಲಗೆ ಶುರುಮಾಡಿದ. ಪಲ್ಲವಿಯ ಹತ್ತಿರ ಬರುತ್ತಲೇ ಕೈ ತನ್ನ ಪಾಡಿಗೆ ತಾನು ಏರಿತು, ಬಿರುಸಾಯಿತು. ಕಪ್ಪುಗಳು ಗಲಗಲ ಅಂದವು.

"ಅಯ್ಯಯ್ಯೋ, ಸಿನಿಮಾದಲ್ಲಿ ಹೀಗಿರ್ಲಿಲ್ವಲ್ಲೋ!" ಎಂದು ಬೆರಿಲ್ ನಕ್ಕಳು. ಮಿಕ್ಕವರೂ ನಕ್ಕರು. ಡ್ಯಾರಿಲ್‌ನ ಕೈ ನಿಂತುಹೋಯಿತು.

ಮೇವಿಸ್ ನಗಲಿಲ್ಲ. ಅವಳ ಕಣ್ಣು ಮಗನ ಕೈಗಳ ಮೇಲಿತ್ತು. "ಸಾಕು ಬಿಡೇ ಬೆರಿಲ್. ಅವನ ಟೀ ಆರ್ತಾ ಇದೆ."

ಅವನ ಬೆರಳುಗಳಿಂದ ಚಮಚಗಳನ್ನು ಬಿಡಿಸಿಕೊಂಡು, ಅವನು ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ, ಒಂದರಿಂದ ಅವನ ಕಪ್ಪಿಗೆ ಸಕ್ಕರೆ ಹಾಕಿ ಕದಡಿದಳು. ಅವನು ಸಕ್ಕರೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಎತ್ತದೆ, ಪೂರ್ತಿ ಕುಡಿದ.