ಕಾಟಮ್ಮನಿಗೆ ಬಂದ ಹೊಲಿಗೆ ಯಂತ್ರ

ಆ ಬೆಳಿಗ್ಗೆ ಜವನಗೊಂಡನಹಳ್ಳಿಯ ಮೇಲೆ ಮಂಜು ಕೂತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಮಾತ್ರ ಮಂಜಿನಿಂದ ಮೇಲೆದ್ದು, ಬಿಸಿಲನ್ನು ಮುಟ್ಟಿ, ಮತ್ತೆ ಒಳಗಿಳಿಯುತ್ತಿದ್ದವು. ಗೊಲ್ಲರಹಟ್ಟಿಯ ಕಾಟಮ್ಮ ಕುಲದೇವರು ಜುಂಜಪ್ಪನಿಗೆ ಕೈಮುಗಿದು, ಗಂಡ ಯತ್ತಪ್ಪನನ್ನು ಕರೆದುಕೊಂಡು ಓಟು ಕೇಳಲು ಸಾಬರ ಬೀದಿಗೆ ಬಂದಳು. ಪಂಚಾಯ್ತಿ ಚುನಾವಣೆಗೆ ಇನ್ನು ಮೂರೇ ದಿನ.

ಅವಳು ದೇವರಲ್ಲಿ ಕೇಳಿದ್ದು ಒಂದೇ: ಹಟ್ಟಿಯ ಕುರಿಗಳಿಗೊಂದು ನೀರಿನ ತೊಟ್ಟಿ. ನಾಲ್ಕು ವರ್ಷ ಅರ್ಜಿ ಕೊಟ್ಟು ಸಾಕಾಗಿ ತಾನೇ ನಿಂತಿದ್ದಳು. ಎದುರು ನಿಂತವಳು ದಿಲ್ಶಾದ್ ಬೇಗಂ, ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳು. ಚೀಟಿ ಎತ್ತಿ ಚಿಹ್ನೆ ಹಂಚಿದ ದಿನ ಭಗವಂತ ನಕ್ಕಿರಬೇಕು. ದಿಲ್ಶಾದ್‌ಗೆ ಛತ್ರಿ ಬಂತು. ಸೂಜಿಗೆ ದಾರ ಪೋಣಿಸಲೂ ಬಾರದ ಕಾಟಮ್ಮನಿಗೆ ಹೊಲಿಗೆ ಯಂತ್ರ.

ಮೊದಲ ಮನೆಯ ಕಟ್ಟೆಯ ಮೇಲೆ ಮುದುಕ ಜಮಾಲ್ ಸಾಬ್ ಚಹಾ ಕುಡಿಯುತ್ತಿದ್ದ.

"ಬರ್ರಿ ಕಾಟಮ್ಮ, ಕುಂತ್ಕಳ್ರಿ. ಬೇಜಾರು ಮಾಡ್ಕಬ್ಯಾಡ್ರಿ, ನಮ್ಮನೆ ಏಳೂ ಓಟು ಹೊಲಿಗೆ ಮಿಷನ್ನಿಗೇ. ದಿಲ್ಶಾದ್ ನಮ್ಮ ಹುಡುಗಿ ನೋಡ್ರಿ."

ಕಾಟಮ್ಮ ತುಟಿ ಕಚ್ಚಿಕೊಂಡಳು. ಪಕ್ಕದ ಮನೆಯಲ್ಲೂ ಅದೇ ಮಾತು, ಅದರಾಚೆಯ ಮನೆಯಲ್ಲೂ ಅದೇ. ಮದುವೆ ಸೀಜನ್ನಿನ ರವಿಕೆಗಳ ನಡುವೆ ಹೂತುಹೋಗಿದ್ದ ದಿಲ್ಶಾದ್ ಪ್ರಚಾರಕ್ಕೆ ಹೊರಗೇ ಬಂದಿರಲಿಲ್ಲ. ಗೋಡೆಗಂಟಿಸಿದ ಛತ್ರಿಯ ಚಿತ್ರವನ್ನು ಬೀದಿಯವರು ಯಾವುದೋ ಅಂಗಡಿಯ ಜಾಹೀರಾತು ಅಂದುಕೊಂಡಿದ್ದರು.

ಯತ್ತಪ್ಪ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಸುಮ್ನೆ ನಡಿಯೇ. ತೊಟ್ಟಿ ಬಂದಂಗೇ ಇನ್ನ."

"ಬ್ಯಾರೆಯೋರ ಕುರಿ ನಮ್ಮ ರೊಪ್ಪಕ್ಕೆ ಹೊಕ್ರೆ ಏನು ಮಾಡ್ತಿ?"

"ಕಿವಿ ಗುರುತು ನೋಡಿ, ಅವರ ರೊಪ್ಪಕ್ಕೆ ಹೊಡ್ಕಂಡೋಗಿ ಬಿಡ್ತೀನಿ."

"ಮತ್ತೆ ಈ ಓಟುಗಳು?"

"ಕುರಿ ಓಟು ಹಾಕಲ್ಲ ಕಣೇ!"

"ಅದಕ್ಕೇ ನೋಡು, ಅವಕ್ಕೆ ತೊಟ್ಟಿ ಆಗಿಲ್ಲ."

ಅವಳು ಹಿಂದಿರುಗಿ, ಜಮಾಲ್ ಸಾಬನ ಗೂಟಕ್ಕೆ ನೇತುಬಿದ್ದಿದ್ದ ಕರಿ ಛತ್ರಿಯನ್ನು ಕೇಳಿ ಪಡೆದು, ಬಿಚ್ಚಿ ಹಿಡಿದು ಬೀದಿಯ ನಡುವೆ ನಿಂತಳು.

"ಕೇಳ್ರಪ್ಪೋ! ದಿಲ್ಶಾದ್ ಗುರುತು ಇದು, ಛತ್ರಿ! ಮಿಷನ್ನು ನಂದು. ಅದಕ್ಕೆ ಹಾಕೋರು ನನ್ನ ನೋಡಿ ಹಾಕ್ರಿ!"

ಮಳೆಯಿಲ್ಲದ ಮುಂಜಾನೆ ಛತ್ರಿ ಹಿಡಿದವಳನ್ನು ನೋಡಲು ಬಾಗಿಲುಗಳೆಲ್ಲ ತೆರೆದವು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ದಿಲ್ಶಾದ್ ಓಡಿ ಬಂದಳು.

"ಕಾಟಕ್ಕಾ, ತಲೆ ಕೆಟ್ಟೈತಾ? ನನ್ನ ಪ್ರಚಾರ ನೀನು ಮಾಡ್ತಿದೀಯಲ್ಲ!"

"ನೀನು ಮಾಡಲ್ವಲ್ಲ, ಅದಕ್ಕೆ. ಯುಗಾದಿಗೆ ಕೊಟ್ಟ ನನ್ನ ರವಿಕೆನಾದ್ರೂ ಹೊಲಿದ್ಯಾ?"

"ನಾಳೆ ಕೊಡ್ತೀನಕ್ಕಾ, ಅಲ್ಲಾನಾಣೆ."

"ಆ ನಾಳೆ ಯುಗಾದಿಯಿಂದ ಹಂಗೇ ಐತೆ!"

ಬೀದಿಗೆ ಬೀದಿಯೇ ನಕ್ಕಿತು. ಯತ್ತಪ್ಪ ಒಬ್ಬನೇ ನಗಲಿಲ್ಲ.

ಎಣಿಕೆಯ ದಿನ ದಿಲ್ಶಾದ್ ನಾಲ್ಕು ಓಟಿನಿಂದ ಗೆದ್ದಳು.

ಅಂದು ಸಂಜೆ ಕಾಟಮ್ಮ ಎಂದಿನಂತೆ ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಒಳಗೆ ಬಿಡುತ್ತಿದ್ದಳು. ಅಳು ಬಂದಿರಲಿಲ್ಲ, ಆದರೆ ಬಾಯಾರಿ ನಾಲಿಗೆ ಚಾಚಿದ ಮರಿಗಳ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಧೂಳಿನ ನಡುವೆ ದಿಲ್ಶಾದ್ ನಡೆದು ಬಂದಳು. ಕೊರಳಲ್ಲಿ ಚೆಂಡುಹೂವಿನ ಹಾರ ಇನ್ನೂ ಇತ್ತು. ಟಗರೊಂದು ಮುಂದೆ ಬಂದು ಅದರ ತುದಿಯನ್ನು ಕಚ್ಚಿ ಎಳೆಯಿತು.

"ನಿನ್ನ ಟಗರೂ ಸೇಡು ತೀರಿಸ್ಕಳ್ತೈತೆ ನೋಡಕ್ಕಾ," ಎಂದು ಹಾರ ಬಿಡಿಸಿಕೊಂಡಳು. "ತೊಟ್ಟಿ ಎಲ್ಲಿ ಬರಬೇಕು? ಜಾಗ ತೋರಿಸು. ಮೊದಲನೇ ಮೀಟಿಂಗಲ್ಲೇ ಬರೆಸ್ತೀನಿ."

ಕಾಟಮ್ಮ ಕೋಲಿನಿಂದ ಹುಣಸೆಮರದ ಬುಡವನ್ನು ತೋರಿಸಿದಳು. ಇಬ್ಬರೂ ಅಲ್ಲಿಗೆ ನಡೆದು ಹೆಜ್ಜೆಯಲ್ಲಿ ಅಳೆದರು. ಉದ್ದ ಹನ್ನೆರಡು, ಅಗಲ ನಾಲ್ಕು. ಟೈಲರಮ್ಮನ ಹೆಜ್ಜೆ ಒಂದಿಷ್ಟೂ ಹೆಚ್ಚುಕಡಿಮೆ ಆಗಲಿಲ್ಲ.

ಹೊರಡುವಾಗ ದಿಲ್ಶಾದ್ ಸೆರಗಿನ ಮರೆಯಿಂದ ಪೇಪರಿನ ಪೊಟ್ಟಣವೊಂದನ್ನು ತೆಗೆದು ಕಾಟಮ್ಮನ ಕೈಗಿಟ್ಟಳು. ಒಳಗೆ ಯುಗಾದಿಯ ರವಿಕೆ ಇತ್ತು.