ಯಾರ ಮನೆಯ ತಿಗಣೆ

ಇಸ್ತ್ರಿಯಮ್ಮನಿಗೆ ಹೇಸಿಗೆ ಅನ್ನುವುದು ಹುಟ್ಟುಗುಣ. ಬಸ್ಸಿನ ಕಂಬಿ ಹಿಡಿಯಲು ಕರವಸ್ತ್ರ ಬೇಕು. ಬೇರೆಯವರ ಮನೆಯಲ್ಲಿ ಲೋಟದ ಅಂಚು ಒರೆಸದೆ ನೀರು ಕುಡಿದವಳಲ್ಲ. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗವನ್ನು ನಿವೃತ್ತಿಯಾಗುವವರೆಗೂ ನೋಡಿಕೊಂಡವಳು. ಕಂಡವರ ಹಾಸಿಗೆ ಬಟ್ಟೆ ಕಂಡು ಕಂಡು ಮನುಷ್ಯರ ಮೇಲೇ ಅವಳಿಗೆ ವಾಕರಿಕೆ ಬಂದುಬಿಟ್ಟಿತ್ತು. "ಮೇಲೆ ಕೋಟು, ಟೈ, ಸೆಂಟು. ಹಾಸಿಗೆ ನೋಡಿದ್ರೆ ಗೊತ್ತಾಗುತ್ತೆ ಒಬ್ಬೊಬ್ಬರ ಬಂಡವಾಳ" ಎನ್ನುತ್ತಿದ್ದಳು. ನೆಲ ಒರೆಸುವ ಬಟ್ಟೆಗೂ ಇಸ್ತ್ರಿ ಹಾಕುವುದನ್ನು ಕಂಡು ಆ ಹೆಸರಿಟ್ಟವಳು ಅವಳ ನಾದಿನಿ.

ಈ ನಾದಿನಿಯೇ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಹೊಲಿಗೆ ಕೂಟ ಕಟ್ಟಿದ್ದಳು. ಕಷ್ಟಕ್ಕೆ ಸಿಕ್ಕಿ ಮನೆ ಬಿಟ್ಟು ಬಂದ ಹೆಂಗಸರನ್ನೂ ಅವರ ಮಕ್ಕಳನ್ನೂ ಇರಿಸಿಕೊಳ್ಳುವ ಆಶ್ರಯಮನೆಯೊಂದು ಊರಿನಲ್ಲಿತ್ತು. ಅಲ್ಲಿನ ಮಂಚಗಳಿಗೆ ಹೊದಿಕೆ ಹೊಲಿದುಕೊಡುವುದು ಕೂಟದ ಕೆಲಸ. ಅವರು ಹಿಡಿದ ಮಾದರಿಗೆ ದಿಮ್ಮಿಮನೆ ಎಂದು ಹೆಸರು. ನಡುವೆ ಅಂಗೈಯಷ್ಟೂ ಇಲ್ಲದ ಒಂದು ಕೆಂಪು ಚೂರು, ಅದು ಮನೆಯ ಒಲೆ. ಅದರ ಸುತ್ತ, ಮರದ ದಿಮ್ಮಿ ಪೇರಿಸಿ ಗೋಡೆ ಎಬ್ಬಿಸಿದ ಹಾಗೆ, ಒಂದಾದ ಮೇಲೊಂದು ಬಟ್ಟೆಯ ಪಟ್ಟಿ. ಎರಡು ಪಕ್ಕ ತಿಳಿ ಬಣ್ಣ, ಎರಡು ಪಕ್ಕ ಗಾಢ ಬಣ್ಣ. ಹೀಗೆ ಚೌಕಗಳನ್ನು ಹೊಲಿದು, ಆಮೇಲೆ ನೆಲದ ಮೇಲೆ ಹರಡಿ, ಹೀಗೆ ತಿರುಗಿಸಿ ಹಾಗೆ ತಿರುಗಿಸಿ ಜೋಡಿಸಬೇಕು. ತಿಳಿಗೆ ತಿಳಿ ಕೂಡಿದರೆ ವಜ್ರದಾಕಾರ. ಸ್ವಲ್ಪ ಸರಿಸಿದರೆ ಉತ್ತ ಹೊಲದ ಸಾಲು. ಹೊಲಿಗೆಗಿಂತ ಜೋಡಣೆಯಲ್ಲೇ ಜಗಳ ಜಾಸ್ತಿ.

ಪಟ್ಟಿ ಕತ್ತರಿಸಿ ಇಸ್ತ್ರಿ ಮಾಡಿ ತರುವುದು ಇಸ್ತ್ರಿಯಮ್ಮನ ಪಾಲಿಗೆ ಬಂದಿತ್ತು. ದಾನಕ್ಕೆಂದು ಜನ ತಂದು ಸುರಿಯುವ ಚೀಲಗಳನ್ನು ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಿಚ್ಚುತ್ತಿದ್ದಳು. ಬೆವರಿನ ಕಾಲರು, ಸಾರು ಒಣಗಿದ ಮೇಜುಹಾಸು, ಒಮ್ಮೆಯಂತೂ ಒಗೆಯದ ಒಳಚಡ್ಡಿ. "ಕೊಡೋದು ಅಂದ್ರೆ ಕಸ ಹಾಕೋದು ಅಂದ್ಕೊಂಡಿದ್ದಾರೆ!" ಎಂದು ಬೈಯುತ್ತಲೇ ಎಲ್ಲವನ್ನೂ ಕುದಿಸಿ, ಒಗೆದು, ಕತ್ತರಿಸಿ ಬುಟ್ಟಿಗೆ ತುಂಬುತ್ತಿದ್ದಳು.

ಕೂಟಕ್ಕೆ ಗುಂಡಿಯಕ್ಕ ಎಂಬವಳೂ ಬರುತ್ತಿದ್ದಳು. ಮಾರುಕಟ್ಟೆಯ ಮೂಲೆಯಲ್ಲಿ ಕೂತು ಗುಂಡಿ, ಜಿಪ್ಪು ಹಾಕಿಕೊಡುವುದು ಅವಳ ಕಸುಬು. ಹಿಂದೊಮ್ಮೆ ಮಗಳ ಜೊತೆ ಅದೇ ಆಶ್ರಯಮನೆಯಲ್ಲಿ ಇದ್ದವಳು. ಒರಟು ಮಾತು, ಜೋರು ನಗು. ಮೈಯಿಂದ ಸದಾ ನೋವಿನ ಮುಲಾಮಿನ ವಾಸನೆ. ಅವಳ ಹೊಲಿಗೆ ಆಗಾಗ ಸೊಟ್ಟಗಾಗುತ್ತಿತ್ತು, ಅದನ್ನು ಯಾರಾದರೂ ತೋರಿಸಿದರೆ "ಹೊದ್ಕೊಂಡೋರು ಅಳತೆಪಟ್ಟಿ ಹಿಡಿತಾರಾ?" ಎನ್ನುತ್ತಿದ್ದಳು. ಇಸ್ತ್ರಿಯಮ್ಮ ಅವಳ ಪಕ್ಕ ಕೂರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚೌಕಗಳನ್ನೆಲ್ಲ ನೆಲಕ್ಕೆ ಹರಡಿ ಎಲ್ಲರೂ ಸುತ್ತ ನಿಂತಿದ್ದರು. ವಜ್ರವೋ ಸಾಲೋ ಎಂಬ ವಾದ ನಡೆದಿತ್ತು. ಆಗ ಬೆಣ್ಣೆ ಬಣ್ಣದ ಪಟ್ಟಿಯೊಂದರ ಮೇಲೆ ಏನೋ ಹರಿಯಿತು. ಬೇಳೆಕಾಳಿನಷ್ಟಿತ್ತು, ಚಪ್ಪಟೆ, ಕಂದು. ನಾದಿನಿ ಚೀರಿದಳು. ಇಸ್ತ್ರಿಯಮ್ಮ ಚಪ್ಪಲಿಯ ತುದಿಯಿಂದ ಒತ್ತಿದಳು. ಬೆಣ್ಣೆ ಬಣ್ಣದ ಮೇಲೆ ರಕ್ತದ ಕಲೆ ಎದ್ದಿತು.

"ತಿಗಣೆ" ಎಂದಳು. ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು.

ಎಲ್ಲರ ಕಣ್ಣೂ ಗುಂಡಿಯಕ್ಕನ ಕಡೆ ಹೊರಳಿತು.

"ಏನು, ನನ್ನ ನೋಡ್ತಿದೀರಿ?" ಎಂದಳು ಅವಳು. ನಗುತ್ತಲೇ ಕೇಳಿದ್ದು. ಒಬ್ಬರೂ ನಗದಿದ್ದಾಗ ಅವಳ ಮುಖ ಇಳಿಯಿತು.

ಮಾತಾಡಿದವಳು ಇಸ್ತ್ರಿಯಮ್ಮನೇ. "ನೋಡು, ತಪ್ಪು ತಿಳ್ಕೋಬೇಡ. ಮಾರ್ಕೆಟ್ಟಲ್ಲಿ ಕಂಡೋರ ಬಟ್ಟೆ ಮುಟ್ಟೋಳು ನೀನು. ಸ್ವಲ್ಪ ದಿನ ಬರ್ಬೇಡ. ಮನೆ ಕ್ಲೀನ್ ಮಾಡ್ಕೋ. ಅಲ್ಲಿ ಮಕ್ಕಳು ಮಲಗೋ ಹೊದಿಕೆ ಇದು."

"ನಮ್ಮನೇಲಿ ತಿಗಣೆ ಇಲ್ಲ."

"ಇರೋರು ಯಾರೂ ಇದೆ ಅನ್ನಲ್ಲ."

ಗುಂಡಿಯಕ್ಕ ತನ್ನ ಕತ್ತರಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಅವಳು ಹೊಲಿದಿದ್ದ ಚೌಕಗಳನ್ನು ನಾದಿನಿ ಬೆರಳ ತುದಿಯಲ್ಲಿ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟುಕಟ್ಟಿ, ಹಿತ್ತಲಿನ ಕಸದ ಡಬ್ಬಕ್ಕೆ ಎಸೆದಳು. ಅವಳ ಜೊತೆ ಹೋಗಿ ಡಬ್ಬದ ಮುಚ್ಚಳ ಎತ್ತಿ ಹಿಡಿದವಳು ಇಸ್ತ್ರಿಯಮ್ಮ.

ಮನೆಗೆ ಬಂದವಳೇ ಬಾಗಿಲಲ್ಲೇ ಬಟ್ಟೆ ಬದಲಿಸಿ, ತಲೆಗೆ ಸ್ನಾನ ಮಾಡಿದಳು. ಗಂಡನಿಗೆ ಕಥೆ ಹೇಳುತ್ತಾ ಹೇಳುತ್ತಾ ಮತ್ತೆ ಮೈ ಕೆರೆದುಕೊಂಡಳು. ಕೇಳಿದ ಅವನೂ ಬೆನ್ನು ಕೆರೆದುಕೊಂಡ.

"ನೋಡೇ, ಈ ಬೆವರುಗುಳ್ಳೆ ಹೋಗ್ತಾನೇ ಇಲ್ಲ. ಒಂಚೂರು ಪೌಡರ್ ಹಾಕು."

ಅವಳು ಅಂಗಿ ಎತ್ತಿ ನೋಡಿದಳು. ಬೆವರುಗುಳ್ಳೆ ಚೆಲ್ಲಾಪಿಲ್ಲಿಯಾಗಿ ಏಳುತ್ತದೆ. ಇವು ದಾರ ಹಿಡಿದು ಹಾಕಿದ ಹೊಲಿಗೆಯಂತೆ ಸಾಲಾಗಿದ್ದವು. ಹೋಟೆಲಿನಲ್ಲಿ ಅಂಥ ಸಾಲನ್ನು ಗಿರಾಕಿಗಳ ತೋಳಿನ ಮೇಲೆ ಅವಳು ಕಂಡಿದ್ದಳು.

"ಏನ್ರೀ, ನೀವು ಎಲ್ಲಿ ಕೂರ್ತೀರಿ?"

"ಎಲ್ಲಿ ಅಂದ್ರೆ? ನನ್ನ ಕುರ್ಚೀಲಿ."

ಆ ಕುರ್ಚಿ! ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟಿ ಕೊಟ್ಟರೆಂದು ಅವನು ಹೊತ್ತು ತಂದ ಮೆತ್ತೆ ಕುರ್ಚಿ. ಅವಳು ಕೂಗಾಡಿ, ಮೇಲೆಲ್ಲ ಸೋಪಿನ ನೀರಲ್ಲಿ ಉಜ್ಜಿದ ಮೇಲೆಯೇ ಒಳಗೆ ಬಿಟ್ಟದ್ದು. ಈಗ ಅದನ್ನು ಬೋರಲು ಹಾಕಿದಳು. ಅಡಿಯ ಬಟ್ಟೆಯ ಅಂಚು ಎಳೆದಳು. ಹೊಲಿಗೆಯ ಉದ್ದಕ್ಕೂ ಕರಿ ಚುಕ್ಕಿ, ಬಿಳಿ ಮೊಟ್ಟೆ, ಕಳಚಿದ ಸಿಪ್ಪೆ. ಅವುಗಳ ನಡುವೆ ಬೆಳಕಿಗೆ ಬೆದರಿ ಗಿಜಿಗುಡುವ ಜೀವಂತ ಸಂಸಾರ. ಹಣ್ಣು ಕೊಳೆತಂಥ ಸಿಹಿ ನಾತ ಮೂಗಿಗೆ ಬಡಿಯಿತು. ಆ ಕುರ್ಚಿಯ ತೋಳಿಗೆ ಆತುಕೊಂಡು ಕೂತಿತ್ತು ಅವಳ ಪಟ್ಟಿಗಳ ಬುಟ್ಟಿ.

ಅವಳು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ಕುರ್ಚಿ ಹೊರಗೆ ಹೋಯಿತು. ಮದ್ದು ಹೊಡೆಯುವವರು ಬಂದರು. ಪರದೆ, ಹಾಸಿಗೆ, ಗಂಡನ ಟೋಪಿ, ಎಲ್ಲವೂ ಕುದಿಯುವ ನೀರಿಗೆ ಬಿತ್ತು.

"ಪಾಪ, ಆ ಹೆಂಗಸಿಗೆ ಹೇಳ್ಬಿಡೇ" ಎಂದ ಗಂಡ.

"ನೀವು ಬಾಯಿ ಮುಚ್ಕೊಂಡಿರಿ. ತಂದಿಟ್ಟಿದ್ದು ಸಾಲ್ದಾ?"

ಬಾಯಿ ಮುಚ್ಚಿಕೊಂಡದ್ದು ಅವಳೇ. ಕೂಟಕ್ಕೆ ಹೋದಳು, ಪಟ್ಟಿಗಳನ್ನು ಹೊಸದಾಗಿ ಕತ್ತರಿಸಿ ಕೊಟ್ಟಳು. ಅತ್ತಿಗೆ ಇಲ್ಲದಿದ್ದರೆ ನಮ್ಮ ಗತಿ ಏನಾಗ್ತಿತ್ತೋ ಎಂದು ನಾದಿನಿ ಎಲ್ಲರ ಮುಂದೆ ಹೊಗಳಿದಳು. ಆ ಹೊಗಳಿಕೆ ಬಾಯಲ್ಲಿ ಹಳಸಿದ ಅನ್ನದಂತೆ ಆಯಿತು. ರಾತ್ರಿ ಊಟಕ್ಕೆ ಕೂತರೆ ತನ್ನ ಕೈಯೇ ತನಗೆ ಕೊಳೆಯಾಗಿ ಕಾಣತೊಡಗಿತು. ತೊಳೆದಳು. ಮತ್ತೆ ತೊಳೆದಳು.

ಕೊನೆಗೊಂದು ದಿನ ನಾದಿನಿ ಟೀ ಲೋಟ ತೊಳೆಯುತ್ತಿದ್ದಾಗ ಪಕ್ಕ ನಿಂತು ಹೇಳಿಬಿಟ್ಟಳು. "ಆ ತಿಗಣೆ ನಮ್ಮನೇದು. ನಿಮ್ಮಣ್ಣ ತಂದ ಕುರ್ಚೀದು. ಗುಂಡಿಯಕ್ಕಂದಲ್ಲ."

ನಾದಿನಿಯ ಕೈ ನಿಂತಿತು. ಆಮೇಲೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು, ಹೊರಗಿನವರಿಗೆ ಕೇಳಿಸದಿರಲೆಂದು.

"ಮನೆ ಕ್ಲೀನ್ ಆಯ್ತಾ?"

"ಆಯ್ತು."

"ಮತ್ತೆ? ಮುಗೀತಲ್ಲ. ಈಗ ಅದನ್ನ ಯಾಕೆ ಕೆದಕ್ತೀರಿ ಅತ್ತಿಗೆ?"

"ಅವಳನ್ನ ಕಳಿಸಿದ್ವಲ್ಲೇ!"

"ಕಳಿಸಿದ್ದು ಒಳ್ಳೇದೇ ಆಯ್ತು. ನಿಜ ಹೇಳಿ, ಅವಳು ಹೋದ್ಮೇಲೆ ಕೋಣೇಲಿ ಗಾಳಿ ಆಡ್ತಾ ಇಲ್ವಾ? ಆ ಮುಲಾಮು, ಆ ನಗು! ಹೆಂಗಪ್ಪಾ ಬೇಡ ಅನ್ನೋದು ಅಂತ ನಾನೂ ನೋಡ್ತಾನೇ ಇದ್ದೆ. ದೇವರೇ ಒಂದು ನೆಪ ಕೊಟ್ಟ."

ಹೇಳಿ ಮುಗುಳ್ನಕ್ಕಳು. ಗುಟ್ಟು ಹಂಚಿಕೊಳ್ಳುವ ಗೆಳತಿಯ ನಗು ಅದು. ಇಸ್ತ್ರಿಯಮ್ಮನಿಗೆ ಕುರ್ಚಿಯ ಅಡಿಯನ್ನು ಮತ್ತೊಮ್ಮೆ ನೋಡಿದಂತಾಯಿತು. ಅದಕ್ಕಿಂತ ಹೇಸಿಗೆ ಎನಿಸಿದ್ದು ಬೇರೆ: ಕೋಣೆಯಲ್ಲಿ ಗಾಳಿ ಆಡುತ್ತಿದೆ ಎಂದು ತನಗೂ ಅನಿಸಿತ್ತು.

ಮಾರನೆಯ ದಿನ ಮಾರುಕಟ್ಟೆಗೆ ಹೋದಳು. ಗುಂಡಿಯಕ್ಕ ಗೋಡೆಗೆ ಒರಗಿ ಯಾರದೋ ಜಾಕೆಟ್ಟಿನ ಜಿಪ್ಪು ಕೀಳುತ್ತಿದ್ದಳು. ಸುತ್ತ ದಾರದ ಚೂರು, ಬೀಡಿ ತುಂಡು, ತಿಂದುಬಿಟ್ಟ ಬಾಳೆಹಣ್ಣಿನ ಸಿಪ್ಪೆ. ಇಸ್ತ್ರಿಯಮ್ಮನ ಮೂಗು ತಾನಾಗಿ ಮುದುಡಿತು. ಬಂದ ಕೆಲಸ ಯಾವುದೆಂದು ಗೊತ್ತಿದ್ದೂ ಮುದುಡಿತು. ಗುಂಡಿಯಕ್ಕ ಅದನ್ನು ನೋಡಿದಳು.

"ಏನು, ಇನ್ನೂ ಒಂದು ಸಿಕ್ತಾ?"

ಇಸ್ತ್ರಿಯಮ್ಮ ನಿಂತಲ್ಲೇ ಎಲ್ಲ ಹೇಳಿದಳು. ಗಂಡ, ಕುರ್ಚಿ, ಬುಟ್ಟಿ. "ನೀವು ಕ್ಷಮಿಸ್ಬೇಕು" ಎಂದಳು. 'ನೀನು' ಹೋಗಿ 'ನೀವು' ಬಂದದ್ದು ಇಬ್ಬರಿಗೂ ಕೇಳಿಸಿತು.

ಗುಂಡಿಯಕ್ಕ ಜಿಪ್ಪು ಕೆಳಗಿಟ್ಟಳು. "ಅಂದ್ರೆ ನಿಮ್ಮನೆ ತಿಗಣೆಗೆ ನನ್ನ ಹೆಸರಿಟ್ರಿ."

"ಹೌದು."

"ನನ್ನ ಚೌಕ ಎಲ್ಲಿ?"

"ಕಸಕ್ಕೆ ಹಾಕಿದ್ವಿ."

"ಒಂದ್ರಲ್ಲಿ ನನ್ನ ಮಗಳ ಸ್ಕೂಲ್ ಅಂಗಿ ಇತ್ತು. ಆಶ್ರಯಮನೇಲಿದ್ದಾಗ ಹಾಕ್ಕೊಂತಿದ್ದಿದ್ದು." ಜಾಕೆಟ್ಟಿಗೆ ಅಂಟಿದ್ದ ದಾರವೊಂದನ್ನು ಕಿತ್ತೆಸೆದಳು. "ಕಳಿಸುವಾಗ ಎಲ್ಲರ ಮುಂದೆ ಕಳಿಸಿದ್ರಿ. ಈಗ ನನ್ನೊಬ್ಬಳ ಕಿವೀಲಿ ಹೇಳಿ ಹಗುರ ಮಾಡ್ಕೊಳ್ಳೋಕೆ ಬಂದಿದೀರಿ. ಆಶ್ರಯದ ಮೇಡಂವರೆಗೂ ಹೋಗಿದೆ ಸುದ್ದಿ. ಹೋಗಿ, ಅವರಿದ್ದಾಗ ಹೇಳಿ. ಆಮೇಲೆ ನೋಡೋಣ."

ಹೊದಿಕೆಗಳನ್ನು ಒಯ್ಯಲು ಆಶ್ರಯಮನೆಯ ಮೇಡಂ ಬಂದ ದಿನ ಇಸ್ತ್ರಿಯಮ್ಮ ಎದ್ದು ನಿಂತಳು. ನಾದಿನಿ ಅವಳ ಸೆರಗು ಹಿಡಿದೆಳೆದಳು. ಅವಳು ಕೊಸರಿಕೊಂಡು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಗುಂಡಿಯಕ್ಕ ಹೋದ ಮೇಲೆ ಕೋಣೆಯಲ್ಲಿ ಗಾಳಿ ಆಡುತ್ತಿದೆ ಎಂದು ನಾದಿನಿ ಆಡಿದ್ದನ್ನೂ, ತನಗೂ ಹಾಗೇ ಅನಿಸಿದ್ದನ್ನೂ ಹೇಳಿದಳು. ಮೇಡಂ ತಲೆಯಾಡಿಸಿ, ಯಾವ ಮನೆಯದಾದರೂ ಸರಿ, ಹೊದಿಕೆಗಳನ್ನೆಲ್ಲ ಬಿಸಿ ಯಂತ್ರದಲ್ಲಿ ಒಣಗಿಸಿಯೇ ಮಂಚಕ್ಕೆ ಹಾಸುತ್ತೇವೆ ಎಂದಷ್ಟೇ ಹೇಳಿ, ಗಂಟು ಹೊತ್ತು ಹೋದಳು. ಒಬ್ಬಳು ತನ್ನ ದಾರದ ಡಬ್ಬಿಯನ್ನು ಮೆಲ್ಲಗೆ ಇಸ್ತ್ರಿಯಮ್ಮನ ಬುಟ್ಟಿಯಿಂದ ದೂರ ಸರಿಸಿಕೊಂಡಳು.

"ಸಮಾಧಾನ ಆಯ್ತಾ?" ಎಂದಳು ನಾದಿನಿ. "ನನ್ನ ಮಾನ ತೆಗೆದ್ರಿ. ಇನ್ಮೇಲೆ ನಿಮ್ಮ ಪಟ್ಟಿ ಬೇಡ."

ಅಂದಿನಿಂದ ಅವರ ಮಾತುಕತೆ ನಿಂತಿತು. ಗಂಡ ಮಾತ್ರ ತಂಗಿಯ ಮನೆಗೆ ಹೋಗಿಬರುತ್ತಿದ್ದ. ಅಲ್ಲಿ ಅವನಿಗೆ ಪ್ಲಾಸ್ಟಿಕ್ ಕುರ್ಚಿ ಕೊಡುತ್ತಿದ್ದರಂತೆ.

ಗುಂಡಿಯಕ್ಕ ಕೂಟಕ್ಕೆ ಮರಳಲಿಲ್ಲ. ಆಶ್ರಯಮನೆಯ ಒಗೆಯುವ ಕೋಣೆಯಲ್ಲೇ ಅಲ್ಲಿನ ಹೆಂಗಸರನ್ನು ಕೂಡಿಸಿಕೊಂಡು ದಿಮ್ಮಿಮನೆ ಹೊಲಿಸುತ್ತಿದ್ದಾಳೆ ಎಂಬ ಸುದ್ದಿ ಬಂತು. ಇಸ್ತ್ರಿಯಮ್ಮ ಮನೆಯಲ್ಲಿ ಒಬ್ಬಳೇ ಕೂತು ಚೌಕಗಳನ್ನು ಹೊಲಿದಳು. ಸಾಕಷ್ಟಾದಾಗ ಮಡಿಸಿ ತೆಗೆದುಕೊಂಡು ಅಲ್ಲಿಗೆ ಹೋದಳು.

ಯಂತ್ರಗಳು ಗುಡುಗುಡು ತಿರುಗುತ್ತಿದ್ದವು. ಹೆಂಗಸರು ಹೊಲಿಗೆ ನಿಲ್ಲಿಸಿ ನೋಡಿದರು. ಗುಂಡಿಯಕ್ಕ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಚೀಲವನ್ನು ಇಸಿದುಕೊಂಡು ಕಿಟಕಿಯ ಹತ್ತಿರ ಹೋದಳು. ಮೊದಲ ಚೌಕ ತೆಗೆದಳು. ಮುಂಬದಿ ನೋಡಿದಳು. ತಿರುಗಿಸಿ ಹಿಂಬದಿ ನೋಡಿದಳು. ಒಂದೊಂದು ಪಟ್ಟಿಯ ಹೊಲಿಗೆಯ ಸಂದನ್ನೂ ಉಗುರಿನಿಂದ ಬಿಡಿಸಿ ಬಿಡಿಸಿ ಇಣುಕಿದಳು, ಎಲ್ಲರಿಗೂ ಕಾಣುವ ಹಾಗೆ, ಅವಸರವಿಲ್ಲದೆ. ಪಕ್ಕಕ್ಕಿಟ್ಟು ಎರಡನೆಯದನ್ನು ಎತ್ತಿಕೊಂಡಳು.

ಇಸ್ತ್ರಿಯಮ್ಮನ ಕಿವಿ ಕಾದವು. ಒಬ್ಬ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೊರಟುಹೋಗಬೇಕು ಅನಿಸಿತು, ಬಾಗಿಲೂ ತೆರೆದೇ ಇತ್ತು. ಆದರೆ ಅವಳು ನೆಲ ನೋಡುತ್ತಾ ನಿಂತೇ ಇದ್ದಳು, ಕೊನೆಯ ಚೌಕದವರೆಗೂ.

"ಸರಿ" ಎಂದಳು ಗುಂಡಿಯಕ್ಕ. "ಆ ಕಪಾಟಲ್ಲಿಡಿ."