ಕೋಣ ತಿವಿದದ್ದಲ್ಲ

ಶನಿವಾರ ಮಧ್ಯಾಹ್ನ ಆ ಫೋನ್ ಬಂದಾಗ ಶ್ರೀದೇವಿ ಹೊಸಮನಿ ತಡವಾದ ಊಟ ಆಗಷ್ಟೇ ಮುಗಿಸಿ ಕುರ್ಚಿಗೆ ಮರಳಿದ್ದಳು. ಡ್ಯೂಸೆಲ್ಡಾರ್ಫಿನ ಒಂದು ಪ್ರವಾಸ ವಿಮೆ ಕಂಪನಿಯ ತುರ್ತು ಸಹಾಯ ವಿಭಾಗದಲ್ಲಿ ಅವಳ ಕೆಲಸ. ಗ್ರೀಸಿನ ಕಡಲ ದಂಡೆಯಲ್ಲಿ ಕಾಲು ಉಳುಕಿಸಿಕೊಂಡವರು, ಹಡಗಿನಲ್ಲಿ ಎದೆನೋವು ಬಂದವರು, ಗೊತ್ತಿಲ್ಲದ ಊರಿನ ಆಸ್ಪತ್ರೆಯಲ್ಲಿ ದಿಕ್ಕು ತೋಚದೆ ಕುಳಿತವರು, ಎಲ್ಲರೂ ಮೊದಲು ಮಾತಾಡುವುದು ಅವಳಂಥವರ ಜೊತೆಗೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಈ ಊರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ವರ್ಷಗಟ್ಟಲೆ ದುಡಿದು, ಸೊಂಟ ಕೈಕೊಟ್ಟ ಮೇಲೆ ಅವಳು ಈ ಕೆಲಸಕ್ಕೆ ಬಂದಿದ್ದಳು.

ಫೋನಿನಲ್ಲಿ ಗಾಳಿಯ ಸದ್ದು ಜೋರಾಗಿತ್ತು. ಮಾತಾಡಿದವನು ನಮೀಬಿಯಾದ ಈಶಾನ್ಯ ಮೂಲೆಯ ನದೀ ಬಯಲಿನಲ್ಲಿ ಬೇಟೆಗಾರರನ್ನು ಕರೆದೊಯ್ಯುವ ಗೈಡ್, ಹೆಸರು ಕ್ರಿಸ್ಟೋಫ್. ಜರ್ಮನಿಯಿಂದ ಬಂದ ಅತಿಥಿ ವೆಂಟ್ಸೆಲ್ ಬೆಳಿಗ್ಗೆ ಒಂದು ಕಾಡುಕೋಣಕ್ಕೆ ಗುಂಡು ಹೊಡೆದಿದ್ದರು. ಅದು ಸಾಯದೆ ಜೊಂಡಿನೊಳಗೆ ನುಗ್ಗಿತ್ತು. ಇವರು ಹಿಂಬಾಲಿಸಿ ಹೋದಾಗ ಪಕ್ಕದಿಂದ ಎರಗಿತ್ತು. ವೆಂಟ್ಸೆಲ್ ಅವರ ಪಕ್ಕೆಲುಬು ಮುರಿದಂತಿದೆ. ಪ್ರಾಣಿಯ ಜಾಡು ಹಿಡಿಯುವ ಕೆಲಸದ ಮುಬಿಟಾ ಎಂಬಾತನ ತೊಡೆಗೆ ಕೊಂಬು ತಿವಿದಿದೆ. ಕೋಣ ಸತ್ತಿದೆ.

"ಇಲ್ಲಿಂದ ಸ್ವಲ್ಪ ದೂರದಲ್ಲಿ ಮಣ್ಣಿನ ರನ್‌ವೇ ಇದೆ. ಅದರ ಮೇಲೆ ಊರ ದನಗಳು ಮಲಗಿರುತ್ತವೆ. ನಾನು ಹೋಗಿ ಎಬ್ಬಿಸದಿದ್ದರೆ ವಿಮಾನ ಇಳಿಯೋಕಾಗಲ್ಲ. ಒಂದು ಜೀಪು ಇಲ್ಲೇ ಬಿಟ್ಟಿರ್ತೀನಿ, ದನ ಎಬ್ಬಿಸಿ ಬಂದು ಅದರಲ್ಲಿ ಇವರನ್ನು ರನ್‌ವೇಗೆ ಕರೆದೊಯ್ತೀನಿ. ಫೋನನ್ನು ವೆಂಟ್ಸೆಲ್ ಜೊತೆ ಬಂದವರ ಕೈಗೆ ಕೊಡ್ತೀನಿ" ಎಂದ ಕ್ರಿಸ್ಟೋಫ್.

"ಕತ್ತಲಾಗುವುದು ಯಾವಾಗ?"

"ಬೇಗ. ಆ ರನ್‌ವೇಗೆ ದೀಪ ಇಲ್ಲ."

ಶ್ರೀದೇವಿ ಕಿಟಕಿಯತ್ತ ನೋಡಿದಳು. ಹೊರಗೆ ಜೂನ್ ತಿಂಗಳ ಬಿಸಿಲು. ಮುಳುಗುವ ಲಕ್ಷಣವೇ ಇಲ್ಲದ ಸೂರ್ಯ. ಅಲ್ಲಿ ಈಗ ಚಳಿಗಾಲ ಎಂಬುದನ್ನು ಅವಳು ತನಗೆ ತಾನೇ ಹೇಳಿಕೊಳ್ಳಬೇಕಾಯಿತು.

ಇನ್ನೊಂದು ಲೈನಿನಲ್ಲಿ ಅವಳು ಅಲ್ಲಿಗೆ ಹತ್ತಿರದ ಪಟ್ಟಣದ ಆಂಬುಲೆನ್ಸ್ ವಿಮಾನದವರನ್ನು ಹಿಡಿದಳು. ವಿಮಾನ ಚಿಕ್ಕದು. ಒಂದು ಸ್ಟ್ರೆಚರ್, ಒಬ್ಬ ನರ್ಸ್, ಕೂರಬಲ್ಲ ಇನ್ನೊಬ್ಬರಿಗೆ ಸೀಟು. ಪೈಲಟ್ ತಯಾರಾಗುತ್ತಿದ್ದ. ಶ್ರೀದೇವಿ ಮತ್ತೆ ಮೊದಲಿನ ಲೈನಿಗೆ ಬಂದಳು.

"ನನ್ನ ಹೆಸರು ಶ್ರೀದೇವಿ ಹೊಸಮನಿ. ಈಗ ಯಾರು ಮಾತಾಡ್ತಿರೋದು?" ಎಂದು ಜರ್ಮನ್‌ನಲ್ಲಿ ಕೇಳಿದಳು.

"ಉದಯಕುಮಾರ. ವೆಂಟ್ಸೆಲ್ ನನ್ನ ಬಾಸ್. ನಾವು ಹ್ಯಾನೋವರ್‌ನಿಂದ ಬಂದಿದ್ದೇವೆ. ನಾನು ಬೇಟೆಗೆ ಬಂದವನಲ್ಲ, ವಿಡಿಯೋ ಮಾಡಲು ಬಂದವನು." ಅವನ ಜರ್ಮನ್ ಚೆನ್ನಾಗಿತ್ತು.

ಅವಳು ಗಾಯದ ಬಗ್ಗೆ ಕೇಳತೊಡಗಿದಳು. ತೊಡೆಯ ಯಾವ ಭಾಗದಲ್ಲಿದೆ? ಎಷ್ಟು ದೊಡ್ಡದು?

"ತೊಡೆಯ ಬುಡದಲ್ಲಿ, ಮುಂದೆ. ಚಿಕ್ಕದು. ಹೆಬ್ಬೆರಳಿನಷ್ಟು, ದುಂಡಗೆ. ಕ್ರಿಸ್ಟೋಫ್ ಬಟ್ಟೆ ಕಟ್ಟಿದ್ದಾರೆ. ರಕ್ತ ನಿಂತಿದೆ."

"ಅವನು ಮಾತಾಡ್ತಿದ್ದಾನಾ?"

"ಮೊದಲು ಮಾತಾಡ್ತಿದ್ದ. ಈಗ ಇಲ್ಲ. ಮೈ ತಣ್ಣಗಿದೆ, ಬೆವರುತ್ತಿದ್ದಾನೆ."

ಶ್ರೀದೇವಿಗೆ ಲೆಕ್ಕ ಕೂಡಲಿಲ್ಲ. ಕೊಂಬು ತಿವಿದರೆ ಮಾಂಸ ಸಿಗಿದು ಹೋಗುತ್ತದೆ. ದುಂಡನೆಯ ಚಿಕ್ಕ ತೂತು ಆಗುವುದಿಲ್ಲ. ರಕ್ತ ನಿಂತಿದ್ದರೆ ಆ ಮನುಷ್ಯ ತಣ್ಣಗಾಗಬಾರದು.

"ಕೊಂಬೇ ತಿವಿದದ್ದು ಅಂತ ನೀವು ನೋಡಿದ್ರಾ?"

ಹಿಂದಿನಿಂದ ಒಂದು ಗಡುಸು ದನಿ ಕೇಳಿಸಿತು. "ಏನಂತೆ ಅವಳಿಗೆ? ಕೋಣ ಅಂತ ಹೇಳು. ವಿಮಾನ ಎಲ್ಲಿಗೆ ಬಂತು ಕೇಳು."

"ಕೋಣ" ಎಂದ ಉದಯಕುಮಾರ ಜರ್ಮನ್‌ನಲ್ಲಿ. ಆಮೇಲೆ ದನಿ ತಗ್ಗಿಸಿ, ಒಮ್ಮೆಲೇ ಬೇರೆ ಮನುಷ್ಯನಂತೆ, ಕನ್ನಡದಲ್ಲಿ "ಮೇಡಂ, ಹೊಸಮನಿ ಅಂದ್ರಲ್ಲಾ, ನೀವು ನಮ್ ಕಡೇದವ್ರೇನ್ರಿ?" ಎಂದ.

ಅವಳ ಬೆನ್ನು ನೆಟ್ಟಗಾಯಿತು. "ಹೌದ್ರಿ. ಜಮಖಂಡಿ. ನೀವು?"

"ವಿಜಾಪುರ್ರಿ."

"ಹಂಗಾದ್ರ ಕನ್ನಡದಾಗ ಹೇಳ್ರಿ. ಅಲ್ಲಿ ಏನಾಗೇತಿ?"

ಗಾಳಿ ಬೀಸಿತು.

"ಅಕ್ಕಾರ, ಕ್ವಾಣ ತಿವಿದದ್ದಲ್ರಿ ಅದು. ಕ್ವಾಣ ಬರೂಕಿಂತ ಮೊದ್ಲ ಅವ ಬಿದ್ದ. ನಮ್ ಸಾಹೇಬ್ರು ಅಂಜಿ ಹೊಳ್ಳಿ ಗುಂಡು ಹಾರಿಸಿದ್ರು. ನಾ ಹಿಂದಿದ್ದೆ, ಕ್ಯಾಮೆರಾ ಬಂದ್ ಇತ್ತು, ಆದ್ರ ಕಣ್ಣಾರೆ ನೋಡೀನಿ. ಗೈಡ್ ಮುಂದಿದ್ದ, ಅವಂಗ ಗೊತ್ತಿಲ್ಲ. ಅವನೂ ಅದೇ ಹೊತ್ತಿಗೆ ಹೊಡೆದ. ಯಾವ ಸಪ್ಪಳ ಯಾರದು ಅಂತ ಯಾರಿಗೂ ತಿಳೀಲಿಲ್ಲ."

"ಸಾಹೇಬ್ರಿಗೆ ಗೊತ್ತೈತಿ?"

"ಗೊತ್ತೈತ್ರಿ. ಕ್ವಾಣ ಅಂತ ಹೇಳು ಅಂತ ನನಗ ಹೇಳ್ಯಾರ."

ದೊಡ್ಡ ಪ್ರಾಣಿಗೆಂದು ಮಾಡಿದ ಗುಂಡು ಮನುಷ್ಯನ ತೊಡೆಯೊಳಗೆ ಉಳಿಯುವುದಿಲ್ಲ. ಶ್ರೀದೇವಿ ಕಣ್ಣು ಮುಚ್ಚಿ ತೆರೆದಳು. "ಉದಯ ಅವ್ರ, ಫೋನು ಸ್ಪೀಕರ್‌ಗೆ ಹಾಕಿ ಕೆಳಗ ಇಡ್ರಿ. ಅವನ್ನ ನಿಮ್ ಕಡೆ ಮಗ್ಗಲಾ ಹೊಳ್ಳಿಸ್ರಿ. ಹಿಂದ ಕೈ ಹಾಕಿ ನೋಡ್ರಿ."

"ಯಾಕ್ರಿ?"

"ಗುಂಡು ಹೊರಗ ಹೋದ ಜಾಗ ಇರ್ತೈತಿ. ಲಗೂ ನೋಡ್ರಿ."

ಬಟ್ಟೆ ಸರಿದ ಸದ್ದು. ಒಂದು ನರಳಾಟ. ಆಮೇಲೆ ಉದಯಕುಮಾರನ ದನಿ.

"ಅಯ್ಯ ಶಿವನೇ! ಹಿಂದ ಅಂಗೈ ಅಗಲ ಬಾಯಿ ಬಿಟ್ಟೈತ್ರಿ. ಕೆಳಗ ಉಸುಕೆಲ್ಲಾ ಹಸಿ ಆಗೇತಿ. ಇಷ್ಟ್ ಹೊತ್ತೂ ಹರೀಲಿಕತ್ತಿತ್ರಿ, ನಾವು ನೋಡೇ ಇಲ್ಲ..."

"ಅಂಗಿ ಬಿಚ್ರಿ. ಆ ಗಾಯದೊಳಗ ತುಂಬ್ರಿ."

"ಒಳಗಾ?"

"ಒಳಗ. ಬಟ್ಟಿ ಹಿಡಿಸೂ ತನಕ ತುರುಕ್ರಿ. ಆಮ್ಯಾಲ ಎರಡೂ ಕೈ ಇಟ್ಟು ಮೈಭಾರ ಎಲ್ಲಾ ಹಾಕಿ ಒತ್ರಿ. ಅವ ಒದರಿದ್ರೂ ಬಿಡಬ್ಯಾಡ್ರಿ."

ಮುಬಿಟಾ ಕಿರುಚಿದ. ಆಫೀಸಿನಲ್ಲಿ ಅಕ್ಕಪಕ್ಕದವರು ತಿರುಗಿ ನೋಡಿದರು. ಶನಿವಾರದ ಡ್ಯೂಟಿಯಲ್ಲಿದ್ದ ಡಾಕ್ಟರ್ ಬ್ರಾಂಟ್ ಎದ್ದು ಬಂದು ಶ್ರೀದೇವಿಯ ಹಿಂದೆ ನಿಂತರು. ಕಿರುಚುವಷ್ಟು ಜೀವ ಇದೆಯಲ್ಲ ಎಂದು ಶ್ರೀದೇವಿ ಮನಸ್ಸಿನಲ್ಲೇ ಅಂದುಕೊಂಡಳು.

"ಉದಯ ಅವ್ರ, ನಾ ವಿಮಾನದವ್ರಿಗೆ ಗುಂಡಿನ ಗಾಯ ಅಂತ ಹೇಳಬೇಕು. ಹೇಳಿದ್ರ ರಕ್ತ ತರ್ತಾರ, ಅಲ್ಲಿ ಸರ್ಜನ್ ತಯಾರಿರ್ತಾರ. ಕೊಂಬು ಅಂದ್ರ ಬರೇ ಬ್ಯಾಂಡೇಜ್ ಹಿಡ್ಕೊಂಡ್ ಬರ್ತಾರ."

ಅವನು ಏದುಸಿರು ಬಿಡುತ್ತಲೇ ಕೇಳಿದ. "ನನ್ ಹೆಸರು ಬರ್ತೈತೇನ್ರಿ ಇದ್ರಾಗ?"

ಸುಳ್ಳು ಹೇಳಬಹುದಿತ್ತು. "ಬರ್ತೈತ್ರಿ. ಈ ಕಾಲ್ ರೆಕಾರ್ಡ್ ಆಗ್ತೈತಿ. ಅಲ್ಲಿ ಪೊಲೀಸ್ರೂ ಬರಬಹುದು."

"ನನ್ ಬ್ಲೂ ಕಾರ್ಡ್ ವೀಸಾ ಇವ್ರ ಕಂಪನಿ ಕೆಲಸದ ಮ್ಯಾಲೇ ಐತ್ರಿ. ಮಗಳನ್ನ ಈಗರೆ ಇಲ್ಲಿ ಶಿಶುವಿಹಾರಕ್ಕ ಹಾಕೀವಿ, ಆಕಿ ಅಲ್ಲಿ ಹೊಂದ್ಕೊಳ್ಳಿಕತ್ತಾಳ..." ಅವನನ್ನು ಒತ್ತಾಯಿಸುವ ಹಕ್ಕು ತನಗಿದೆ ಎಂದು ಶ್ರೀದೇವಿಗೆ ಅನ್ನಿಸಲಿಲ್ಲ. ಆ ಕಡೆ ಮುಬಿಟಾ ಯಾವುದೋ ಭಾಷೆಯಲ್ಲಿ ಏನನ್ನೋ ಗೊಣಗಿದ.

"ಹೇಳ್ರಿ" ಎಂದ ಉದಯಕುಮಾರ. "ಹೇಳಿಬಿಡ್ರಿ ಅಕ್ಕಾರ. ಇವ ನನ್ನ ಕೈಯಾಗ ಅದಾನ, ಬಿಸಿ ರಕ್ತ ಹತ್ತಲಿಕತ್ತೈತಿ."

ಅವಳು ಮೊದಲು ಡಾಕ್ಟರ್ ಬ್ರಾಂಟ್‌ಗೆ ವಿಷಯ ತಿಳಿಸಿದಳು. ಆಮೇಲೆ ವಿಮಾನದವರ ಲೈನಿಗೆ ಹೋಗಿ ಗುಂಡಿನ ಗಾಯ ಎಂದಳು. ಎಂಜಿನ್ ಆಗಲೇ ಶುರುವಾಗಿತ್ತು. ರಕ್ತ ಬೇಕೆಂದರೆ ಪಟ್ಟಣದ ಆಸ್ಪತ್ರೆಯಿಂದ ತರಿಸಬೇಕು, ಅಷ್ಟರಲ್ಲಿ ಬೆಳಕು ಹೋದರೆ ಇಳಿಯುವುದಿಲ್ಲ ಎಂದ ಪೈಲಟ್.

"ರಕ್ತವಿಲ್ಲದೆ ಹೋದರೆ ಆಸ್ಪತ್ರೆಗೆ ಹೆಣ ಬರುತ್ತದೆ. ಕಾಯಲಿ" ಎಂದರು ಡಾಕ್ಟರ್ ಬ್ರಾಂಟ್. ಆಮೇಲೆ ಶ್ರೀದೇವಿಯನ್ನು ನೋಡಿ ಹೇಳಿದರು: "ಆದರೆ ವಿಮೆ ಇರುವುದು ವೆಂಟ್ಸೆಲ್‌ಗೆ. ಅವರು ಮಲಗಲೇಬೇಕಾದ ಸ್ಥಿತಿಯಲ್ಲಿದ್ದರೆ ಸ್ಟ್ರೆಚರ್ ಅವರದೇ. ಅದನ್ನು ನಾನು ಬದಲಿಸಲಾರೆ. ಅವರು ಕೂತು ಬರಬಹುದಾ?"

ಶ್ರೀದೇವಿ ಅದನ್ನು ಕೇಳುವ ಮೊದಲೇ ಆ ಕಡೆ ಫೋನನ್ನು ಯಾರೋ ಎತ್ತಿಕೊಂಡರು.

"ನಾನು ವೆಂಟ್ಸೆಲ್" ಎಂದಿತು ಗಡುಸು ದನಿ. "ನೀವಿಬ್ಬರೂ ಏನು ಮಾತಾಡ್ತಿದ್ದೀರಿ? ನನಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿ. ನಾನು ನಿಮ್ಮ ಗ್ರಾಹಕ. ನನಗೆ ಏಳಲೂ ಆಗ್ತಿಲ್ಲ, ಉಸಿರಾಡಿದರೆ ಚಾಕು ಇರಿದಂತಾಗುತ್ತದೆ. ಈ ಹುಡುಗ ಗಾಬರಿಯಾಗಿದ್ದಾನೆ, ಅವನು ಹೇಳಿದ್ದನ್ನೆಲ್ಲಾ ನಂಬಬೇಡಿ."

ಶ್ರೀದೇವಿ ಅವರ ಮಾತಿಗಿಂತ ಹೆಚ್ಚಾಗಿ ಅದರ ಹಿಂದಿನ ಸದ್ದಿಗೆ ಕಿವಿಗೊಟ್ಟಳು. ಮುಬಿಟಾನ ನರಳಾಟ ದೂರವಾಗುತ್ತಾ ಹೋಯಿತು. ಒಣಹುಲ್ಲಿನ ಮೇಲೆ ಬೂಟುಗಳ ಸದ್ದು. ಮಾತು ಎಲ್ಲೂ ತುಂಡಾಗಲಿಲ್ಲ.

"ವೆಂಟ್ಸೆಲ್ ಅವರೇ, ನೀವೀಗ ಎಲ್ಲಿದ್ದೀರಿ?"

"ಜೀಪಿನ ಆಚೆ. ಅವನಿಗೆ ಕೇಳಿಸದ ಹಾಗೆ."

"ಅಲ್ಲಿಗೆ ನಡೆದುಕೊಂಡು ಹೋದಿರಿ."

ಬೂಟುಗಳ ಸದ್ದು ನಿಂತಿತು.

"ನಡೀತಾ, ಒಂದೇ ಉಸಿರಿಗೆ ನನ್ನ ಜೊತೆ ಮಾತಾಡಿದಿರಿ. ನೋವು ಇರಬಹುದು, ಸುಳ್ಳು ಅನ್ನಲ್ಲ. ಆದರೆ ನೀವು ಕೂತು ಬರಬಲ್ಲಿರಿ. ಸ್ಟ್ರೆಚರ್ ಅವನಿಗೆ ಬೇಕು."

"ಆ ವಿಮಾನ ನನಗಾಗಿ ಬರ್ತಿರೋದು!"

"ಹೌದು. ಅದರಲ್ಲಿ ನೀವೂ ಇರುತ್ತೀರಿ."

"ಅವನು ಕೋಣದ ಅಡ್ಡ ಬಂದ" ಎಂದರು ವೆಂಟ್ಸೆಲ್. ಈಗ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ. "ಎಲ್ಲಾ ಒಂದೇ ಕ್ಷಣದಲ್ಲಿ ಆಗಿಹೋಯಿತು. ನಿಮಗೆ ಗೊತ್ತಿಲ್ಲ, ಅದು ಎದುರಿಗೆ ಬಂದರೆ ಹೇಗಿರುತ್ತದೆ ಅಂತ."

"ಗೊತ್ತಿಲ್ಲ" ಎಂದಳು ಅವಳು. "ಫೋನನ್ನು ಉದಯಕುಮಾರನಿಗೆ ವಾಪಸ್ ಕೊಡಿ. ನೀವು ಅವನ ಪಕ್ಕ ಕೂತು ಗಾಯಾಳುವಿನ ಕಾಲುಗಳನ್ನು ಮೇಲೆತ್ತಿ ಹಿಡಿಯಿರಿ. ಒಬ್ಬನ ಕೈಲಿ ಅದು ಆಗಲ್ಲ."

ಅವರು ಹಾಗೆ ಮಾಡಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಲೈನ್ ಕತ್ತರಿಸಿಹೋಯಿತು. ಮತ್ತೆ ಹಚ್ಚಿದಳು, ಮತ್ತೆ ಮತ್ತೆ ಹಚ್ಚಿದಳು. ಅದೇ ಪೊಳ್ಳು ಸದ್ದು. ವೆಂಟ್ಸೆಲ್ ಫೋನ್ ಆರಿಸಿದ್ದರೆ? ಉದಯಕುಮಾರನ ಕೈ ಸೋತಿದ್ದರೆ? ಗೈಡ್ ಜೊತೆ ಇದ್ದದ್ದು ಬರೀ ವಾಕಿಟಾಕಿ, ಅದು ಡ್ಯೂಸೆಲ್ಡಾರ್ಫಿಗೆ ಎಟುಕುವಂಥದ್ದಲ್ಲ. ವಿಮಾನದವರು ಮಾತ್ರ ರಕ್ತ ಬಂತು, ಹೊರಟೆವು ಎಂದು ತಿಳಿಸಿದರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಸ್ಪೇನಿನ ಮಲ್ಲೋರ್ಕಾ ದ್ವೀಪದಿಂದ ಒಬ್ಬಾಕೆ ಫೋನ್ ಮಾಡಿ ಮಗುವಿನ ಕಿವಿನೋವಿಗೆ ಯಾವ ಡಾಕ್ಟರ್ ಎಂದು ಕೇಳಿದಳು. ಶ್ರೀದೇವಿ ತಾಳ್ಮೆಯಿಂದ ವಿಳಾಸ ಕೊಟ್ಟಳು. ಕೊಡುತ್ತಲೇ ಅವಳ ಕಣ್ಣು ಗೋಡೆಯ ಮೇಲಿನ ನಕ್ಷೆಯಲ್ಲಿತ್ತು. ಅಲ್ಲಿ ಸೂರ್ಯ ಮುಳುಗಿರಬೇಕು. ಇಲ್ಲಿ, ಕಿಟಕಿಯ ಕೆಳಗೆ, ಬಿಯರ್ ಗ್ಲಾಸು ಹಿಡಿದವರು ಬೀದಿಯಲ್ಲಿ ನಗುತ್ತಾ ನಿಂತಿದ್ದರು. ಡಾಕ್ಟರ್ ಬ್ರಾಂಟ್ ಮನೆಗೆ ಹೋಗುವ ಹೊತ್ತಾಗಿತ್ತು. ಹೋಗಲಿಲ್ಲ.

ಕೊನೆಗೆ ವಿಮಾನದ ನರ್ಸ್ ಫೋನ್ ಮಾಡಿದಳು. ಎಂಜಿನ್ ಸದ್ದಿನ ನಡುವೆ ಕೂಗಿ ಹೇಳಿದಳು. ಪೈಲಟ್ ಒಮ್ಮೆ ಸುತ್ತು ಹೊಡೆದು ಹಿಂದಿರುಗುವುದರಲ್ಲಿದ್ದ. ಅಷ್ಟರಲ್ಲಿ ಕೆಳಗೆ ಕ್ರಿಸ್ಟೋಫ್ ಜೀಪಿನ ದೀಪಗಳನ್ನು ರನ್‌ವೇಯ ಉದ್ದಕ್ಕೆ ತಿರುಗಿಸಿದ್ದ. ಆ ಬೆಳಕಿನಲ್ಲಿ ಇಳಿದಿದ್ದರು. ಗಾಯಾಳುವಿಗೆ ರಕ್ತ ಏರುತ್ತಿದೆ. ನಾಡಿ ಸಣ್ಣಗಿದೆ, ಆದರೆ ಇದೆ.

"ಗಾಯ ಒತ್ತಿ ಹಿಡಿದವನ ಕೈಗಳನ್ನು ನಾವೇ ಬಿಡಿಸಬೇಕಾಯಿತು. ಬೆರಳುಗಳು ಸೆಟೆದುಹೋಗಿದ್ದವು" ಎಂದಳು ನರ್ಸ್.

"ವೆಂಟ್ಸೆಲ್?"

"ಕೂತಿದ್ದಾರೆ. ಹತ್ತುವಾಗ ಬಹಳ ಜಗಳ ಮಾಡಿದರು. ಈಗ ರಕ್ತದ ಚೀಲವನ್ನು ಎತ್ತಿ ಹಿಡಿದಿದ್ದಾರೆ. ನನಗೆ ಇನ್ನೊಂದು ಕೈ ಬೇಕಿತ್ತು, ಕೊಟ್ಟೆ. ಕೆಳಗಿಳಿಸಿಲ್ಲ."

ಶ್ರೀದೇವಿ ಹೆಡ್‌ಸೆಟ್ ತೆಗೆದಿಟ್ಟಳು. ಡಾಕ್ಟರ್ ಬ್ರಾಂಟ್ ಅವಳ ಭುಜದ ಮೇಲೆ ಕೈಯಿಟ್ಟರು.

ಮುಬಿಟಾ ಉಳಿದ. ಕಾಲೂ ಉಳಿಯಿತು, ಆದರೆ ಅದು ಮೊದಲಿನಂತೆ ಮಡಚುವುದಿಲ್ಲ. ಕೈಯೆತ್ತಿ ಚೀಲ ಹಿಡಿದಿದ್ದ ವೆಂಟ್ಸೆಲ್ ಅವರ ವಕೀಲರಿಂದ ಮರುವಾರವೇ ಕಂಪನಿಗೆ ಪತ್ರ ಬಂತು. ಆ ಫೋನ್ ಕರೆಯಲ್ಲಿ ತಮ್ಮ ಕಕ್ಷಿದಾರರಿಗೆ ತಿಳಿಯದ ಭಾಷೆ ಬಳಸಿದ್ದೇಕೆ ಎಂದು ಕೇಳಿದ್ದರು. ಶ್ರೀದೇವಿ ಇಡೀ ಕರೆಯನ್ನು ಜರ್ಮನ್‌ಗೆ ಅನುವಾದಿಸಿ ಕೊಟ್ಟಳು, ಒಂದು ಮಾತೂ ಬಿಡದೆ. ಅಲ್ಲಿನ ಪೊಲೀಸರ ಮುಂದೆ ಉದಯಕುಮಾರ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಹ್ಯಾನೋವರ್‌ಗೆ ಮರಳಿದ ಮೇಲೆ ಅವನನ್ನು ಬೇರೆ ವಿಭಾಗಕ್ಕೆ ಹಾಕಿದರು, ಆಮೇಲೆ ಕೆಲಸವೇ ಇಲ್ಲದ ಮೂಲೆಯಲ್ಲಿ ಕೂರಿಸಿದರು. ಶರತ್ಕಾಲ ಬರುವ ಹೊತ್ತಿಗೆ ಕೆಲಸದಿಂದ ತೆಗೆದ ಪತ್ರ, ಕ್ಯುಂಡಿಗುಂಗ್, ಕೈಗೆ ಬಂತು.

ಕೆಲವು ವಾರಗಳ ಮೇಲೆ ಒಂದು ಸಂಜೆ ಅವನು ಶ್ರೀದೇವಿಗೆ ಫೋನ್ ಮಾಡಿದ. ಹೊಸ ಕೆಲಸ ಹುಡುಕಲು ಕೆಲವು ತಿಂಗಳ ಅವಕಾಶ ಸಿಕ್ಕಿದೆ, ಡಾರ್ಮ್‌ಸ್ಟಾಟ್‌ನಲ್ಲಿ ಒಂದು ಇಂಟರ್ವ್ಯೂ ಇದೆ ಎಂದ. ಹೆಂಡತಿ ಮೊದಮೊದಲು ಬಹಳ ಬೈದಳಂತೆ, ಈಗ ಸುಮ್ಮನಾಗಿದ್ದಾಳಂತೆ.

"ಹೇಳಿದ್ದು ತಪ್ಪಾತು ಅಂತ ಅನಿಸ್ತೈತೇನ್ರಿ?" ಎಂದು ಕೇಳಿದಳು ಶ್ರೀದೇವಿ. ಕೇಳಬೇಕೆಂದು ಅವಳು ಬಹಳ ದಿನದಿಂದ ಕಾದಿದ್ದಳು.

"ದಿನಾ ಒಂದ್ ಥರಾ ಇರಂಗಿಲ್ರಿ ಅಕ್ಕಾರ. ಬಾಡಿಗಿ ಕಟ್ಟೂ ದಿನ ಅನಿಸ್ತೈತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಇದೆಲ್ಲಾ ಆದ್ ಮುಂದಿನ ವಾರ ಮುಬಿಟಾಗ ಫೋನ್ ಹಚ್ಚಿದ್ದೆ. ಅವ ನನ್ನ ಏನ್ ಕೇಳಿದ ಗೊತ್ತೇನ್ರಿ? ಆ ಕ್ವಾಣದ ಮಾಂಸ ಅವ್ರ ಊರಿಗೆ ಮುಟ್ತೋ ಇಲ್ಲೋ ಅಂತ. ಬ್ಯಾಟಿ ಆದ್ ಮ್ಯಾಲ ಮಾಂಸ ಊರವ್ರಿಗೆ ಹಂಚಬೇಕಂತ. ತಾ ದವಾಖಾನ್ಯಾಗ ಮಲಗಿದ್ನಲ್ಲಾ, ಯಾರೂ ಹೇಳಿಲ್ಲಂತ ಅವಂಗ."

"ಮುಟ್ತೇನು?"

"ನನಗೂ ಗೊತ್ತಿರ್ಲಿಲ್ರಿ. ಕ್ರಿಸ್ಟೋಫನ್ನ ಕೇಳ್ದೆ. ಮುಟ್ಟೈತಂತ. ಮುಬಿಟಾನ ಮನಿಗೆ ದೊಡ್ಡ ಪಾಲು ಕಳ್ಸ್ಯಾರಂತ. ಅದನ್ನ ಹೇಳಾಕ ಮತ್ತ ಫೋನ್ ಹಚ್ಚಿದೆ. ಭಾಳ ಖುಷಿ ಆದ."

ಹಿಂದಿನಿಂದ ಅವನ ಮಗಳು ಜರ್ಮನ್‌ನಲ್ಲಿ ಅಪ್ಪನನ್ನು ಕರೆದಳು. ಬಂದೆ ಎಂದು ಅವನು ಕನ್ನಡದಲ್ಲಿ ಕೂಗಿದ.